ಪ್ರತಿದೀಪ್ತಿ ಸ್ಲೈಡ್ ಮಂಕಾಗುವುದೇಕೆ? ಮೌಂಟಿಂಗ್ ಮಾಧ್ಯಮದ ಆಯ್ಕೆ ಹೇಗೆ?

ಬಿಳಿ ಬಟ್ಟೆಯ ಮೇಲೆ ಬಿದ್ದ ಅರಿಶಿನದ ಕಲೆ ಸಾಬೂನು ಹಾಕಿ ಉಜ್ಜಿದರೂ ಪೂರ್ತಿ ಹೋಗುವುದಿಲ್ಲ. ಅದೇ ಬಟ್ಟೆಯನ್ನು ಒಂದೆರಡು ದಿನ ಬಿಸಿಲಿಗೆ ಹರವಿದರೆ ಕಲೆ ತಾನಾಗಿಯೇ ಮಾಯವಾಗುತ್ತದೆ. ಅರಿಶಿನದ ಹಳದಿಗೆ ಕಾರಣವಾದ ಕರ್ಕ್ಯುಮಿನ್ ಎಂಬ ಅಣು ಬೆಳಕನ್ನು ಹೀರಿಕೊಂಡು ಒಡೆಯುತ್ತದೆ. ಒಡೆದು ಉಳಿದ ಚೂರುಗಳಿಗೆ ಆ ಬಣ್ಣವಿರುವುದಿಲ್ಲ. ಬಟ್ಟೆಯ ಮಟ್ಟಿಗೆ ಇದು ನಮಗೆ ಅನುಕೂಲವೇ ಸರಿ. ಆದರೆ ಪ್ರತಿದೀಪ್ತಿ ಸೂಕ್ಷ್ಮದರ್ಶಕದಲ್ಲಿ ಜೀವಕೋಶಗಳನ್ನು ನೋಡುವವರಿಗೆ ಇದೇ ಬಗೆಯ ಕ್ರಿಯೆ ದೊಡ್ಡ ತೊಡಕು.

ಪ್ರತಿದೀಪ್ತಿ ಸೂಕ್ಷ್ಮದರ್ಶಕದಲ್ಲಿ ನಾವು ನೋಡುವುದು ಜೀವಕೋಶವನ್ನಲ್ಲ, ಅದರ ಯಾವುದೋ ಭಾಗಕ್ಕೆ ಅಂಟಿಸಿದ ಬಣ್ಣ ಬೀರುವ ಬೆಳಕನ್ನು. ನೀಲಿ ಬೆಳಕು ಬಿದ್ದಾಗ ಹಸಿರಾಗಿ ಹೊಳೆಯುತ್ತಿದ್ದ ಭಾಗ ಕೆಲವೇ ಸೆಕೆಂಡುಗಳಲ್ಲಿ ಮಂಕಾಗಿ ಕಪ್ಪಿನಲ್ಲಿ ಕರಗಿಹೋಗಬಹುದು. ಇದಕ್ಕೆ ಫೋಟೋಬ್ಲೀಚಿಂಗ್ ಎಂದು ಹೆಸರು. ಚಿತ್ರ ಕೈತಪ್ಪಿತೆಂಬುದಷ್ಟೇ ಇಲ್ಲಿನ ನಷ್ಟವಲ್ಲ. ಕಪ್ಪಾಗಿ ಕಂಡ ಜಾಗದಲ್ಲಿ ನಾವು ಹುಡುಕುತ್ತಿದ್ದ ಪ್ರೋಟೀನು ನಿಜಕ್ಕೂ ಇಲ್ಲವೋ, ಅಥವಾ ಅದು ಇದ್ದೂ ಬಣ್ಣ ಮಾತ್ರ ಸತ್ತಿದೆಯೋ ಎಂಬುದು ಚಿತ್ರವೊಂದರಿಂದಲೇ ತಿಳಿಯುವುದಿಲ್ಲ. ಮೊದಲು ನೋಡಿದ ಸ್ಲೈಡಿಗೂ ಕೊನೆಗೆ ನೋಡಿದ ಸ್ಲೈಡಿಗೂ ಕಂಡುಬಂದ ವ್ಯತ್ಯಾಸ ಜೀವವಿಜ್ಞಾನದ್ದೋ, ದೀಪದ್ದೋ ಎಂಬ ಅನುಮಾನ ಉಳಿದುಬಿಡುತ್ತದೆ.

ಈ ತೊಂದರೆಯನ್ನು ತಗ್ಗಿಸಲು ಸ್ಲೈಡ್ ಮತ್ತು ಕವರ್‌ಸ್ಲಿಪ್‌ಗಳ ನಡುವೆ ತುಂಬುವ ದ್ರವದಲ್ಲಿ ಕೆಲವು ರಾಸಾಯನಿಕಗಳನ್ನು ಬೆರೆಸುತ್ತಾರೆ. ಇಂಥ ದ್ರವಕ್ಕೆ ಆಂಟಿಫೇಡ್ ಮೌಂಟಿಂಗ್ ಮಾಧ್ಯಮ, ಅಂದರೆ ಮಂಕಾಗುವುದನ್ನು ತಡೆಯುವ ಮಾಧ್ಯಮ ಎನ್ನುತ್ತಾರೆ. ಮಾರುಕಟ್ಟೆಯಲ್ಲಿ ಇಂಥವು ಹಲವಾರಿವೆ. ಪ್ರಯೋಗಾಲಯದಲ್ಲೇ ತಯಾರಿಸಿಕೊಳ್ಳಬಹುದಾದವೂ ಇವೆ. ಇವುಗಳಲ್ಲಿ ಅತ್ಯುತ್ತಮವಾದುದು ಯಾವುದು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಬಣ್ಣ ಯಾವುದು, ಮಸೂರ ಯಾವುದು, ಮಾದರಿ ಎಂಥದು, ಎಷ್ಟು ದಿನ ಇಡಬೇಕು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆ ಆಯ್ಕೆ ಸುಲಭವಾಗುತ್ತದೆ. ಏಕೆಂದು ಒಂದೊಂದಾಗಿ ನೋಡೋಣ.

ಹೊಳೆಯುವ ಅಣುವಿನ ಆಯುಸ್ಸು

ಕ್ವಿನೈನ್ ದ್ರಾವಣದ ಮೇಲೆ ಕಣ್ಣಿಗೆ ಕಾಣದ ಅತಿನೇರಳೆ ಕಿರಣ ಬಿದ್ದಾಗ ಅದು ನೀಲಿಯಾಗಿ ಹೊಳೆಯುವುದನ್ನು ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ 1852ರಲ್ಲಿ ವಿವರಿಸಿದರು. ಹೀರಿದ ಬೆಳಕಿಗಿಂತ ಹೊರಬಿಟ್ಟ ಬೆಳಕಿನ ತರಂಗದೂರ ಹೆಚ್ಚು ಎಂಬುದು ಅವರು ಗುರುತಿಸಿದ ಮುಖ್ಯ ಸಂಗತಿ. ಉದಾಹರಣೆಗೆ, ಫ್ಲೂರೆಸೀನ್ ಎಂಬ ಬಣ್ಣ ಸುಮಾರು 495 ನ್ಯಾನೊಮೀಟರ್ ತರಂಗದೂರದ ನೀಲಿ ಬೆಳಕನ್ನು ಹೀರಿ ಸುಮಾರು 520 ನ್ಯಾನೊಮೀಟರ್‌ನ ಹಸಿರು ಬೆಳಕನ್ನು ಹೊರಸೂಸುತ್ತದೆ. ಎರಡು ಬೆಳಕುಗಳನ್ನು ಫಿಲ್ಟರುಗಳಿಂದ ಬೇರ್ಪಡಿಸಬಹುದಾದ್ದರಿಂದಲೇ ಕಪ್ಪು ಹಿನ್ನೆಲೆಯಲ್ಲಿ ಹೊಳೆಯುವ ಚಿತ್ರ ನಮಗೆ ದೊರೆಯುತ್ತದೆ. ಆಲ್ಬರ್ಟ್ ಕೂನ್ಸ್ ಮತ್ತು ಸಂಗಡಿಗರು 1941-42ರಲ್ಲಿ ಪ್ರತಿಕಾಯಗಳಿಗೆ ಇಂಥ ಬಣ್ಣ ಕಟ್ಟಿ, ಅಂಗಾಂಶದಲ್ಲಿ ಒಂದು ನಿರ್ದಿಷ್ಟ ವಸ್ತು ಎಲ್ಲಿದೆಯೆಂದು ತೋರಿಸಿದರು. ಇಂದಿನ ಇಮ್ಯುನೋಫ್ಲೂರೆಸೆನ್ಸ್ ವಿಧಾನದ ಮೂಲ ಅದು.

ಬಣ್ಣದ ಅಣು ಒಂದು ಫೋಟಾನನ್ನು ಹೀರಿದಾಗ ಅದರ ಎಲೆಕ್ಟ್ರಾನ್ ತಳಸ್ಥಿತಿಯಿಂದ ಉದ್ರೇಕಿತ ಸ್ಥಿತಿಗೆ ಏರುತ್ತದೆ. ಸಿಂಗ್ಲೆಟ್ ಎಂದು ಕರೆಯುವ ಈ ಸ್ಥಿತಿಯಲ್ಲಿ ಅದು ಕೆಲವೇ ನ್ಯಾನೊಸೆಕೆಂಡು ಇದ್ದು, ಫೋಟಾನೊಂದನ್ನು ಹೊರಬಿಟ್ಟು ಕೆಳಗಿಳಿಯುತ್ತದೆ. ಒಂದೇ ಅಣು ಇದನ್ನು ಸಾವಿರಾರು ಬಾರಿ ಮಾಡಬಲ್ಲದು. ಆದರೆ ಆಗೊಮ್ಮೆ ಈಗೊಮ್ಮೆ ಎಲೆಕ್ಟ್ರಾನಿನ ಸ್ಪಿನ್ ತಿರುಗಿ ಅಣು ಟ್ರಿಪ್ಲೆಟ್ ಎಂಬ ಇನ್ನೊಂದು ಸ್ಥಿತಿಗೆ ಜಾರುತ್ತದೆ. ಅಲ್ಲಿಂದ ಕೆಳಗಿಳಿಯುವುದು ಸುಲಭವಲ್ಲ. ಮೈಕ್ರೊಸೆಕೆಂಡಿನಿಂದ ಮಿಲಿಸೆಕೆಂಡಿನವರೆಗೆ, ಎಂದರೆ ಸಿಂಗ್ಲೆಟ್ ಸ್ಥಿತಿಗಿಂತ ಸಾವಿರಾರು ಪಟ್ಟು ಹೆಚ್ಚು ಕಾಲ, ಅದು ಹಾಗೆಯೇ ಸಿಕ್ಕಿಕೊಂಡಿರಬಹುದು. ಶಕ್ತಿ ತುಂಬಿಕೊಂಡು ಇಷ್ಟು ಹೊತ್ತು ನಿಂತ ಅಣು ಸುತ್ತಲಿನ ಅಣುಗಳೊಡನೆ ವರ್ತಿಸುವ ಅವಕಾಶ ಹೆಚ್ಚು.

ಹೀಗೆ ವರ್ತಿಸುವುದರಲ್ಲಿ ಮುಖ್ಯವಾದುದು ನೀರಿನಲ್ಲಿ ಕರಗಿರುವ ಆಕ್ಸಿಜನ್. ಆಕ್ಸಿಜನ್ ಅಣು ತನ್ನ ತಳಸ್ಥಿತಿಯಲ್ಲೇ ಟ್ರಿಪ್ಲೆಟ್. ಬಣ್ಣದ ಅಣುವಿನಿಂದ ಶಕ್ತಿ ಪಡೆದು ಅದು ಸಿಂಗ್ಲೆಟ್ ಆಕ್ಸಿಜನ್ ಎಂಬ ಚುರುಕು ರೂಪ ತಾಳುತ್ತದೆ. ಆಮೇಲೆ ಪಕ್ಕದಲ್ಲಿರುವ ಬಣ್ಣದ ಅಣುವನ್ನೇ ಉತ್ಕರ್ಷಿಸಿ ಅದರ ರಚನೆಯನ್ನು ಮುರಿಯುತ್ತದೆ. ಬಣ್ಣದ ಅಣುಗಳ ನಡುವೆಯೇ ಎಲೆಕ್ಟ್ರಾನ್ ವಿನಿಮಯವಾಗಿ ಮುಕ್ತ ರ್‍ಯಾಡಿಕಲ್‌ಗಳು ಹುಟ್ಟುವುದೂ ಉಂಟು. ಯಾವ ದಾರಿಯಲ್ಲಾದರೂ ಸರಿ, ಒಮ್ಮೆ ಮುರಿದ ಅಣು ಮತ್ತೆ ಹೊಳೆಯುವುದಿಲ್ಲ.

ಇಲ್ಲೊಂದು ಸ್ವಾರಸ್ಯವಿದೆ. ಆಕ್ಸಿಜನ್ ಬಣ್ಣವನ್ನು ಕೊಲ್ಲುವುದು ನಿಜ. ಆದರೆ ಟ್ರಿಪ್ಲೆಟ್ ಸ್ಥಿತಿಯಲ್ಲಿ ಸಿಕ್ಕಿಕೊಂಡ ಅಣುವಿನ ಶಕ್ತಿಯನ್ನು ಕಸಿದುಕೊಂಡು ಅದನ್ನು ಮತ್ತೆ ಕೆಲಸಕ್ಕೆ ಇಳಿಸುವುದೂ ಅದೇ. ಆದ್ದರಿಂದ ಆಕ್ಸಿಜನ್ನನ್ನು ಪೂರ್ತಿಯಾಗಿ ತೆಗೆದುಹಾಕಿದರೆ ಸಮಸ್ಯೆ ತೀರಿತು ಎನ್ನುವಂತಿಲ್ಲ. ಟ್ರಿಪ್ಲೆಟ್ ಸ್ಥಿತಿಯನ್ನು ಶಮನಗೊಳಿಸುವ ಬೇರೊಂದು ವಸ್ತುವೂ ಆಗ ಬೇಕಾಗುತ್ತದೆ.

ಫೋಟಾನುಗಳ ಲೆಕ್ಕ

ನೀರಿನಲ್ಲಿರುವ ಫ್ಲೂರೆಸೀನ್ ಅಣುವೊಂದು ಸಾಯುವ ಮುನ್ನ ಸರಾಸರಿ 30ರಿಂದ 40 ಸಾವಿರ ಫೋಟಾನುಗಳನ್ನು ಕೊಡುತ್ತದೆಂಬ ಅಂದಾಜು ಬಳಕೆಯಲ್ಲಿದೆ. 30 ಸಾವಿರ ಎಂದೇ ಹಿಡಿಯೋಣ. ಈ ಫೋಟಾನುಗಳು ಎಲ್ಲ ದಿಕ್ಕಿಗೂ ಚದುರುತ್ತವೆ. ಮಸೂರ, ಫಿಲ್ಟರ್, ಕ್ಯಾಮರಾಗಳ ನಷ್ಟ ಕಳೆದು ನೂರಕ್ಕೆ 3 ಮಾತ್ರ ನಮ್ಮ ಎಣಿಕೆಗೆ ಸಿಗುತ್ತವೆ ಎಂದಿಟ್ಟುಕೊಂಡರೆ ಒಂದು ಅಣುವಿನಿಂದ ದೊರೆಯುವುದು ಒಟ್ಟು 900 ಫೋಟಾನು.

ಫೋಟಾನುಗಳ ಎಣಿಕೆಯಲ್ಲಿ ಏರಿಳಿತ ಇದ್ದೇ ಇರುತ್ತದೆ; ಅದು ಎಣಿಕೆಯ ವರ್ಗಮೂಲದಷ್ಟು. 900 ಫೋಟಾನುಗಳನ್ನು ಒಂದೇ ಚಿತ್ರದಲ್ಲಿ ಬಳಸಿದರೆ ಏರಿಳಿತ 30, ಎಂದರೆ ಶೇಕಡಾ 3ಕ್ಕೆ ಸ್ವಲ್ಪ ಹೆಚ್ಚು. ಅದೇ 900ನ್ನು ಜೀವಕೋಶದ ಬೇರೆಬೇರೆ ಆಳಗಳ 30 ಚಿತ್ರಗಳಿಗೆ ಹಂಚಿದರೆ ಪ್ರತಿ ಚಿತ್ರಕ್ಕೆ 30 ಫೋಟಾನು. ಏರಿಳಿತ ಸುಮಾರು 5.5, ಎಂದರೆ ಶೇಕಡಾ 18. ಚಿತ್ರ ಕಾಳುಕಾಳಾಗಿ ಕಾಣುತ್ತದೆ. ಆದ್ದರಿಂದ ಫೋಟಾನುಗಳು ತಿಂಗಳ ಸಂಬಳವಿದ್ದಂತೆ: ಇರುವುದು ಇಷ್ಟೇ, ಯಾವುದಕ್ಕೆ ಎಷ್ಟು ಎಂದು ಮೊದಲೇ ತೀರ್ಮಾನಿಸಬೇಕು. ಜಾಗ ಹುಡುಕುವಾಗ, ಫೋಕಸ್ ಮಾಡುವಾಗ, ಪಕ್ಕದವರಿಗೆ ತೋರಿಸುವಾಗ ಆಗುವುದೆಲ್ಲ ಖರ್ಚೇ.

ತಡೆಯುವ ವಸ್ತುಗಳು

ಹಳೆಯ ಮಾಧ್ಯಮವೆಂದರೆ ಬಫರ್ ಬೆರೆಸಿದ ಗ್ಲಿಸರಿನ್. ಈರುಳ್ಳಿ ಪೊರೆಯ ಸ್ಲೈಡಿಗೆ ಹಾಕುವ ಅದೇ ಗ್ಲಿಸರಿನ್ ಇದು. ಗಟ್ಟಿಯಾದ ದ್ರವವಾದ್ದರಿಂದ ಅದರಲ್ಲಿ ಆಕ್ಸಿಜನ್ ಅಣುಗಳ ಓಡಾಟ ನಿಧಾನ. ಆದರೆ ಅದೊಂದೇ ಸಾಲದು. 1981-82ರ ಸುಮಾರಿಗೆ ಪ್ರಕಟವಾದ ಪ್ರಬಂಧಗಳಲ್ಲಿ ಮೂರು ವಸ್ತುಗಳ ಪರಿಚಯವಾಯಿತು. ಇಂದಿಗೂ ಪ್ರಯೋಗಾಲಯಗಳಲ್ಲಿ ತಯಾರಿಸುವ ಮಾಧ್ಯಮಗಳಿಗೆ ಇವೇ ಆಧಾರ.

ಮೊದಲನೆಯದು ಪ್ಯಾರಾ-ಫಿನೈಲಿನ್‌ಡೈಅಮೀನ್, ಸಂಕ್ಷಿಪ್ತವಾಗಿ ಪಿಪಿಡಿ. ಫ್ಲೂರೆಸೀನ್‌ನಂಥ ಬಣ್ಣಗಳನ್ನು ಉಳಿಸುವುದರಲ್ಲಿ ಮೂರರಲ್ಲಿ ಇದೇ ಮುಂದು. ಶೇಕಡಾ 0.1ರಷ್ಟು ಬೆರೆಸಿದರೂ ಸಾಕು. ಕೂದಲಿಗೆ ಹಚ್ಚುವ ಅನೇಕ ಕಪ್ಪು ಬಣ್ಣಗಳಲ್ಲಿ ಇರುವುದೂ ಇದೇ ವಸ್ತು. ಅದನ್ನು ಹಚ್ಚಿಕೊಂಡು ಕೆಲವರಿಗೆ ತುರಿಕೆ, ಊತ ಬರುವುದನ್ನು ಕೇಳಿರುತ್ತೇವೆ. ಪಿಪಿಡಿ ವಿಷಕಾರಿ, ಚರ್ಮಕ್ಕೆ ಅಲರ್ಜಿ ತರುವಂಥದು. ಕೈಗವಸು ಇಲ್ಲದೆ ಮುಟ್ಟಬಾರದು. ಗಾಳಿ ಮತ್ತು ಬೆಳಕಿಗೆ ಅದು ತಾನೇ ಉತ್ಕರ್ಷಣಗೊಂಡು ಕಂದು ಬಣ್ಣಕ್ಕೆ ತಿರುಗುತ್ತದೆ. ಕಂದಾದ ಮಾಧ್ಯಮ ತಾನೇ ಬೆಳಕನ್ನು ಹೀರುತ್ತದೆ, ಹಿನ್ನೆಲೆಯನ್ನೂ ಕೆಡಿಸುತ್ತದೆ, ಅದನ್ನು ಬಳಸಬಾರದು.

ಎರಡನೆಯದು ಡ್ಯಾಬ್ಕೊ. ಇದು ಸಿಂಗ್ಲೆಟ್ ಆಕ್ಸಿಜನ್ನನ್ನು ಶಮನಗೊಳಿಸುವ ವಸ್ತುವೆಂದು ಹೆಸರಾಗಿದೆ. ಪಿಪಿಡಿಯಷ್ಟು ಪರಿಣಾಮಕಾರಿಯಲ್ಲ. ಆದರೆ ವಿಷ ಕಡಿಮೆ, ಬೆಲೆ ಕಡಿಮೆ, ಕಂದಾಗುವ ತೊಂದರೆಯಿಲ್ಲ. ಸಾಮಾನ್ಯವಾಗಿ ಶೇಕಡಾ 2.5ರಷ್ಟು ಬಳಸುತ್ತಾರೆ.

ಮೂರನೆಯದು ಪ್ರೊಪೈಲ್ ಗ್ಯಾಲೇಟ್. ಎಣ್ಣೆ, ಕೊಬ್ಬುಗಳು ಕಮಟಾಗದಂತೆ ಆಹಾರೋದ್ಯಮದಲ್ಲಿ ಬೆರೆಸುವ, ಇ-310 ಎಂಬ ಸಂಖ್ಯೆಯಿರುವ ಉತ್ಕರ್ಷಣ ನಿರೋಧಕವೇ ಇದು. ಗಿಲೊ ಮತ್ತು ಸೆಡಾಟ್ ಎಂಬ ವಿಜ್ಞಾನಿಗಳು 1982ರಲ್ಲಿ ಫ್ಲೂರೆಸೀನ್ ಮತ್ತು ರೋಡಮೀನ್ ಬಣ್ಣಗಳ ಮೇಲೆ ಇದರ ಪರಿಣಾಮವನ್ನು ತೋರಿಸಿಕೊಟ್ಟರು. ಮೂರರಲ್ಲಿ ಹೆಚ್ಚು ನಿರಪಾಯಕಾರಿಯಾದುದು ಇದು. ನೀರಿನಲ್ಲಿ ಸುಲಭವಾಗಿ ಕರಗದು. ಬಣ್ಣದ ಆರಂಭದ ಹೊಳಪನ್ನು ಕೊಂಚ ತಗ್ಗಿಸುವುದೂ ಉಂಟು.

ಆರಂಭದ ಹೊಳಪೋ, ಬಾಳಿಕೆಯೋ?

ಟ್ರಿಪ್ಲೆಟ್ ಸ್ಥಿತಿಯನ್ನು ಶಮನಗೊಳಿಸುವ ವಸ್ತು ಕೆಲವೊಮ್ಮೆ ಹೊಳೆಯುವ ಸಿಂಗ್ಲೆಟ್ ಸ್ಥಿತಿಯನ್ನೂ ಸ್ವಲ್ಪ ಶಮನಗೊಳಿಸುತ್ತದೆ. ಹಾಗಾದಾಗ ಮೊದಲ ನೋಟಕ್ಕೇ ಸ್ಲೈಡ್ ಮಂಕಾಗಿ ಕಾಣಬಹುದು. ಇದರಿಂದ ಮಾಧ್ಯಮ ಕೆಟ್ಟದ್ದೆಂದು ತೀರ್ಮಾನಿಸುವುದು ತಪ್ಪು. ಒಂದು ಕಾಲ್ಪನಿಕ ಲೆಕ್ಕ ಮಾಡಿ ನೋಡೋಣ.

ಬರೀ ಬಫರಿನಲ್ಲಿರುವ ಸ್ಲೈಡ್ 100 ಅಳತೆಯ ಹೊಳಪಿನಿಂದ ಆರಂಭಿಸಿ ಪ್ರತಿ 10 ಸೆಕೆಂಡಿಗೆ ಅರ್ಧವಾಗುತ್ತದೆ ಎನ್ನೋಣ. ಆಂಟಿಫೇಡ್ ಇರುವ ಸ್ಲೈಡ್ 60ರಿಂದ ಆರಂಭಿಸಿ ಪ್ರತಿ 100 ಸೆಕೆಂಡಿಗೆ ಅರ್ಧವಾಗಲಿ. ಆಗ:

ಆರಂಭದಲ್ಲಿ: ಬಫರ್ 100, ಆಂಟಿಫೇಡ್ 60
10 ಸೆಕೆಂಡಿನ ನಂತರ: ಬಫರ್ 50, ಆಂಟಿಫೇಡ್ 56
30 ಸೆಕೆಂಡಿನ ನಂತರ: ಬಫರ್ 12.5, ಆಂಟಿಫೇಡ್ 49
60 ಸೆಕೆಂಡಿನ ನಂತರ: ಬಫರ್ 1.6, ಆಂಟಿಫೇಡ್ 40

ಎರಡೂ ಸಮನಾಗುವುದು ಸುಮಾರು 8ನೆಯ ಸೆಕೆಂಡಿನಲ್ಲಿ. ಎಂಟು ಸೆಕೆಂಡಿನೊಳಗೆ ಒಂದೇ ಚಿತ್ರ ತೆಗೆದು ಮುಗಿಸುವವರಿಗೆ ಬರೀ ಬಫರೇ ಹೆಚ್ಚು ಹೊಳಪು ಕೊಟ್ಟೀತು. ಆಳದ ಪದರಗಳನ್ನು ಒಂದೊಂದಾಗಿ ತೆಗೆಯುವವರಿಗೆ ಅಥವಾ ಹತ್ತು ಸ್ಲೈಡುಗಳ ಹೊಳಪನ್ನು ಹೋಲಿಸುವವರಿಗೆ ಆಂಟಿಫೇಡ್ ಇಲ್ಲದೆ ಆಗದು. ಎರಡು ಮಾಧ್ಯಮಗಳನ್ನು ಹೋಲಿಸುವಾಗ ಮೊದಲ ನೋಟವನ್ನಲ್ಲ, ಕಾಲದೊಡನೆ ಹೊಳಪು ಇಳಿಯುವ ಗ್ರಾಫನ್ನು ನೋಡಬೇಕು.

ಮೊದಲ ಪ್ರಶ್ನೆ: ಬಣ್ಣ ಯಾವುದು?

ಫ್ಲೂರೆಸೀನ್‌ನ ಹೊಳಪು ಮಾಧ್ಯಮದ ಪಿಎಚ್‌ಗೆ ತೀರ ಸೂಕ್ಷ್ಮ. ಚೆನ್ನಾಗಿ ಹೊಳೆಯುವುದು ಎರಡು ಋಣ ಆವೇಶಗಳಿರುವ ಅದರ ಅಯಾನು. ಆ ರೂಪದ ಪಿಕೆಎ ಬೆಲೆ ಸುಮಾರು 6.4. ಪದವಿಪೂರ್ವ ತರಗತಿಯಲ್ಲಿ ಕಲಿತ ಬಫರ್ ಸಮೀಕರಣವನ್ನೇ ಬಳಸಿದರೆ, ಪಿಎಚ್ 6.4ರಲ್ಲಿ ಅರ್ಧದಷ್ಟು ಅಣುಗಳು, 7.4ರಲ್ಲಿ ಶೇಕಡಾ 91, 8.5ರಲ್ಲಿ ಶೇಕಡಾ 99 ಈ ರೂಪದಲ್ಲಿರುತ್ತವೆ. ಪಿಎಚ್ 5.4ಕ್ಕೆ ಇಳಿದರೆ ಉಳಿಯುವುದು ಶೇಕಡಾ 9 ಮಾತ್ರ. ಆದ್ದರಿಂದ ಫ್ಲೂರೆಸೀನ್ ಮೂಲದ ಎಫ್‌ಐಟಿಸಿ ಬಣ್ಣಕ್ಕೆ ಪಿಎಚ್ 8.5ರ ಆಸುಪಾಸಿನ ಮಾಧ್ಯಮ ಬೇಕು. ಎಷ್ಟು ಒಳ್ಳೆಯ ಆಂಟಿಫೇಡ್ ಹಾಕಿದರೂ ಪಿಎಚ್ ಇಳಿದಿದ್ದರೆ ಪ್ರಯೋಜನವಿಲ್ಲ. ರೋಡಮೀನ್, ಅಲೆಕ್ಸಾ ಫ್ಲೋರ್ 488 ಮುಂತಾದ ಬಣ್ಣಗಳಿಗೆ ಈ ತೊಂದರೆ ಕಡಿಮೆ.

ಸೈ-2 ಎಂಬ ಸಯಾನಿನ್ ಬಣ್ಣದೊಂದಿಗೆ ಪಿಪಿಡಿಯನ್ನು ಬಳಸಬಾರದು. ಎರಡೂ ಪರಸ್ಪರ ವರ್ತಿಸಿ, ಸ್ಲೈಡನ್ನು ಇಟ್ಟಂತೆಲ್ಲ ಹೊಳಪು ಕುಂದುತ್ತದೆ. ಒಂದು ಬಣ್ಣಕ್ಕೆ ರಕ್ಷಕನಾದ ವಸ್ತುವೇ ಇನ್ನೊಂದಕ್ಕೆ ಮಾರಕವಾಗುವುದಕ್ಕೆ ಇದು ಒಳ್ಳೆಯ ನಿದರ್ಶನ.

ಜೆಲ್ಲಿ ಮೀನಿನಿಂದ ದೊರೆತ ಹಸಿರು ಪ್ರತಿದೀಪ್ತ ಪ್ರೋಟೀನಿನ ಕಥೆ ಬೇರೆ. ಜಿಎಫ್‌ಪಿ ಎಂದೇ ಪರಿಚಿತವಾದ ಇದಕ್ಕಾಗಿ ಶಿಮೊಮುರಾ, ಚಾಲ್ಫಿ ಮತ್ತು ಸಿಯೆನ್ 2008ರ ರಸಾಯನ ವಿಜ್ಞಾನದ ನೊಬೆಲ್ ಪಡೆದರು. ಇದರಲ್ಲಿ ಹೊಳೆಯುವ ಭಾಗ ಪ್ರೋಟೀನಿನದೇ ಪೀಪಾಯಿಯಂಥ ಗೂಡಿನೊಳಗೆ ಭದ್ರವಾಗಿರುತ್ತದೆ. ಗೂಡು ಕೆಡದಂತೆ ನೋಡಿಕೊಳ್ಳುವುದೇ ಇಲ್ಲಿನ ಮುಖ್ಯ ಕೆಲಸ. ಆಲ್ಕೊಹಾಲಿನಲ್ಲಿ ನೀರು ತೆಗೆದರೆ ಅಥವಾ ಪಿಎಚ್ 6ಕ್ಕಿಂತ ಕೆಳಗಿಳಿದರೆ ಹೊಳಪು ಹೋಗುತ್ತದೆ. ಆದ್ದರಿಂದ ಕಾಲೇಜು ಪ್ರಯೋಗಾಲಯಗಳಲ್ಲಿ ಶಾಶ್ವತ ಸ್ಲೈಡಿಗೆ ಬಳಸುವ, ಆಲ್ಕೊಹಾಲ್ ಮತ್ತು ಜೈಲೀನ್ ಹಂತಗಳನ್ನು ಬೇಡುವ ಡಿಪಿಎಕ್ಸ್ ಜಿಎಫ್‌ಪಿಗೆ ಒಗ್ಗದು. ಕೆನಡಾ ಬಾಲ್ಸಮ್‌ಗೆ ತನ್ನದೇ ಪ್ರತಿದೀಪ್ತಿ ಇರುವುದರಿಂದ ಅದೂ ಬೇಡ. ಜೀವಕೋಶದ ಪೊರೆಯಲ್ಲಿ ಕರಗಿ ನಿಲ್ಲುವ ಕೊಬ್ಬುಪ್ರಿಯ ಬಣ್ಣಗಳು ಗ್ಲಿಸರಿನ್ ಹೆಚ್ಚಿದ್ದರೆ ಜಾಗ ಬಿಟ್ಟು ಹರಡಿಕೊಳ್ಳುತ್ತವೆ. ಅಂಥವಕ್ಕೆ ನೀರಿನಂಶ ಹೆಚ್ಚಿರುವ ಮಾಧ್ಯಮವೇ ಸರಿ.

ಎರಡನೆಯ ಪ್ರಶ್ನೆ: ಮಸೂರ ಯಾವುದು?

ಮೌಂಟಿಂಗ್ ಮಾಧ್ಯಮವೂ ಬೆಳಕಿನ ದಾರಿಯಲ್ಲಿರುವ ಒಂದು ದ್ಯುತಿ ಭಾಗವೇ. ನೀರಿನ ವಕ್ರೀಭವನ ಸೂಚ್ಯಂಕ 1.33, ಶೇಕಡಾ 90ರ ಗ್ಲಿಸರಿನ್‌ದು ಸುಮಾರು 1.46, ಶುದ್ಧ ಗ್ಲಿಸರಿನ್‌ದು 1.47. ಕವರ್‌ಸ್ಲಿಪ್ ಗಾಜು ಮತ್ತು ಇಮ್ಮರ್ಷನ್ ಎಣ್ಣೆಗಳದ್ದು ಸುಮಾರು 1.52. ಎಣ್ಣೆ ಹಾಕಿ ನೋಡುವ ವಸ್ತುಮಸೂರ ಬೆಳಕಿನ ಹಾದಿಯಲ್ಲೆಲ್ಲ ಸೂಚ್ಯಂಕ 1.52ರ ಹತ್ತಿರವಿದೆ ಎಂಬ ಲೆಕ್ಕದ ಮೇಲೆ ತಯಾರಾಗಿರುತ್ತದೆ. ಮಾದರಿ ನೀರಿನಂಥ ಬಫರಿನಲ್ಲಿದ್ದರೆ ಗಾಜು ಮುಗಿದು ನೀರು ಆರಂಭವಾಗುವಲ್ಲಿ ಕಿರಣಗಳು ಬಾಗಿ ಒಂದೇ ಬಿಂದುವಿನಲ್ಲಿ ಸೇರುವುದಿಲ್ಲ. ಇದನ್ನು ಗೋಳೀಯ ದೋಷ ಎನ್ನುತ್ತಾರೆ. ಆಳಕ್ಕೆ ಹೋದಂತೆ ಈ ದೋಷ ಹೆಚ್ಚುತ್ತದೆ, ಚಿತ್ರ ಮಸುಕಾಗುತ್ತದೆ. ನೋಡುವವರು ಇದನ್ನು ಬಣ್ಣ ಸಾಯುತ್ತಿದೆಯೆಂದು ತಪ್ಪಾಗಿ ತಿಳಿಯುವುದುಂಟು.

ಇನ್ನೊಂದು ಪರಿಣಾಮ ಆಳದ ಅಳತೆಯಲ್ಲಿ. ನೀರಿನ ತಳದಲ್ಲಿರುವ ನಾಣ್ಯ ಮೇಲೆ ಬಂದಂತೆ ಕಾಣುವ ಪಾಠವನ್ನು ಪ್ರೌಢಶಾಲೆಯಲ್ಲಿ ಓದಿದ್ದೇವೆ. ಇದೂ ಅದೇ ತತ್ತ್ವ. ಎಣ್ಣೆ ಮಸೂರದಿಂದ ನೀರಿನಲ್ಲಿರುವ ಮಾದರಿಯನ್ನು ನೋಡುವಾಗ ವೇದಿಕೆಯನ್ನು 10 ಮೈಕ್ರೊಮೀಟರ್ ಸರಿಸಿದರೆ ಫೋಕಸ್ ನಿಜವಾಗಿ ಸರಿಯುವುದು 10 ಗುಣಿಸು 1.33 ಭಾಗಿಸು 1.515, ಎಂದರೆ ಸುಮಾರು 8.8 ಮೈಕ್ರೊಮೀಟರ್. ಗುಂಡಗಿರುವ ಕೋಶಕೇಂದ್ರ ಆಳದ ದಿಕ್ಕಿನಲ್ಲಿ ಉದ್ದವಾಗಿ ಕಾಣುತ್ತದೆ. ಸೂಚ್ಯಂಕ 1.46ರ ಮಾಧ್ಯಮದಲ್ಲಿ ಇದೇ ಅಳತೆ 9.6 ಆಗಿ, ತಪ್ಪು ಬಹಳಷ್ಟು ಕಡಿಮೆಯಾಗುತ್ತದೆ.

ಆದ್ದರಿಂದ ಎಣ್ಣೆ ಮಸೂರಕ್ಕೆ ಸೂಚ್ಯಂಕ ಹೆಚ್ಚಿರುವ ಮಾಧ್ಯಮ ಸೂಕ್ತ. ಗಟ್ಟಿಯಾದ ಮೇಲೆ 1.52ರಷ್ಟಾಗುವ ಪ್ರೋಲಾಂಗ್ ಗ್ಲಾಸ್‌ನಂಥ ಮಾಧ್ಯಮಗಳು ಇದಕ್ಕಾಗಿಯೇ ಬಂದಿವೆ. ನೀರಿನಲ್ಲಿ ಮುಳುಗಿಸಿ ನೋಡುವ ಮಸೂರಕ್ಕಾದರೆ ಇದೇ ಮಾಧ್ಯಮ ತಪ್ಪು ಆಯ್ಕೆ. ಹತ್ತು ಅಥವಾ ಇಪ್ಪತ್ತು ಪಟ್ಟು ದೊಡ್ಡದು ಮಾಡುವ ಸಾಮಾನ್ಯ ಒಣ ಮಸೂರದಲ್ಲಿ ತೆಳುವಾದ ಮಾದರಿ ನೋಡುವವರು ಈ ವ್ಯತ್ಯಾಸಗಳ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಆದರೆ ಕವರ್‌ಸ್ಲಿಪ್ 0.17 ಮಿಲಿಮೀಟರ್ ದಪ್ಪದ್ದು, ಎಂದರೆ 1.5 ಸಂಖ್ಯೆಯದ್ದು ಆಗಿದ್ದರೆ ಒಳ್ಳೆಯದು. ಬಹುಪಾಲು ಮಸೂರಗಳು ಅದಕ್ಕೆ ಹೊಂದುವಂತೆ ತಯಾರಾಗಿರುತ್ತವೆ.

ಮೂರು ಮತ್ತು ನಾಲ್ಕು: ಮಾದರಿ ಎಂಥದು, ಎಷ್ಟು ದಿನ ಇಡಬೇಕು?

ಮಾಧ್ಯಮಗಳಲ್ಲಿ ದ್ರವವಾಗಿಯೇ ಉಳಿಯುವವು, ಗಟ್ಟಿಯಾಗುವವು ಎಂದು ಎರಡು ಬಗೆ. ಗ್ಲಿಸರಿನ್ ಮಿಶ್ರಣಗಳು, ಸ್ಲೋಫೇಡ್ ಮತ್ತು ಮೂಲ ವೆಕ್ಟಾಶೀಲ್ಡ್ ಮೊದಲ ಬಗೆಯವು. ಸ್ಲೈಡ್ ಸಿದ್ಧವಾದ ಕೂಡಲೇ ನೋಡಬಹುದು. ದಪ್ಪನೆಯ ಅಂಗಾಂಶ ಚಪ್ಪಟೆಯಾಗುವುದಿಲ್ಲ. ಬೇಕಾದರೆ ಕವರ್‌ಸ್ಲಿಪ್ ತೆಗೆದು ಮತ್ತೊಮ್ಮೆ ಬಣ್ಣ ಹಾಕಬಹುದು. ಆದರೆ ಅಂಚುಗಳನ್ನು ಮುಚ್ಚಲೇಬೇಕು. ಇದಕ್ಕೆ ಬಣ್ಣವಿಲ್ಲದ ನೇಲ್ ಪಾಲಿಶ್ ಬಳಸುವ ರೂಢಿಯಿದೆ. ಅದರ ದ್ರಾವಕ ಒಳಗೆ ಹರಿದರೆ ಜಿಎಫ್‌ಪಿಯ ಹೊಳಪನ್ನು ಕೆಡಿಸಬಲ್ಲದು. ಅಂಥ ಮಾದರಿಗಳಿಗೆ ವ್ಯಾಸಲೀನ್, ಲ್ಯಾನೊಲಿನ್, ಪ್ಯಾರಾಫಿನ್ ಮೇಣಗಳನ್ನು ಸಮಭಾಗ ಕರಗಿಸಿ ಬೆರೆಸಿದ ಮುಲಾಮು ಸುರಕ್ಷಿತ.

ಪ್ರೋಲಾಂಗ್ ಗೋಲ್ಡ್, ಮೋವಿಯಾಲ್ ಮುಂತಾದವು ಎರಡನೆಯ ಬಗೆ. ಸಾಮಾನ್ಯವಾಗಿ ಒಂದು ರಾತ್ರಿ ಇಲ್ಲವೆ ಒಂದು ದಿನ ಕತ್ತಲೆಯಲ್ಲಿ ಸಮತಟ್ಟಾಗಿ ಇಟ್ಟರೆ ಗಟ್ಟಿಯಾಗಿ ಕವರ್‌ಸ್ಲಿಪ್ ಕದಲದಂತೆ ಹಿಡಿಯುತ್ತದೆ. ಗಟ್ಟಿಯಾಗುತ್ತ ಸೂಚ್ಯಂಕವೂ ಏರುತ್ತದೆ; ಆತುರದಿಂದ ಆಗಲೇ ನೋಡಿದರೆ ಅದರ ಪೂರ್ಣ ಲಾಭ ದೊರೆಯದು. ತಿಂಗಳುಗಟ್ಟಲೆ ಇಡಬೇಕಾದ ತೆಳುವಾದ ಕೋಶಪದರಗಳಿಗೆ ಇವು ಚೆನ್ನ. ಆದರೆ ಒಣಗುವಾಗ ಕುಗ್ಗುವುದರಿಂದ ದಪ್ಪ ಮಾದರಿ ಚಪ್ಪಟೆಯಾಗುತ್ತದೆ. ಜೀವಕೋಶದ ಎತ್ತರವನ್ನು ಅಳೆಯಬೇಕಾದವರು ಇದನ್ನು ಮರೆಯಬಾರದು. ಆಕ್ಟಿನ್ ಎಳೆಗಳನ್ನು ತೋರಿಸುವ ಫ್ಯಾಲಾಯ್ಡಿನ್ ದಿನಗಳೆದಂತೆ ಸಡಿಲಗೊಂಡು ಬಿಡುವುದರಿಂದ, ಯಾವ ಮಾಧ್ಯಮವಾದರೂ ಅಂಥ ಸ್ಲೈಡನ್ನು ಬೇಗ ನೋಡುವುದೇ ಸರಿ.

ಜೀವಂತ ಕೋಶಗಳಿಗೆ ಇವು ಯಾವುವೂ ಸಲ್ಲವು. ಅಲ್ಲಿ ಬೆಳಕನ್ನು ತಗ್ಗಿಸುವುದು, ಚಿತ್ರಗಳ ನಡುವಿನ ಅಂತರ ಹೆಚ್ಚಿಸುವುದು, ಹೊಳಪಿನ ಹಿನ್ನೆಲೆ ಕೊಡುವ ಫಿನಾಲ್ ರೆಡ್ ಇಲ್ಲದ ಪೋಷಕ ದ್ರವ ಬಳಸುವುದು ಮೊದಲ ಉಪಾಯಗಳು.

ಒಂದು ರೋಗ ಪರೀಕ್ಷೆಯ ನಿದರ್ಶನ

ಮಾಧ್ಯಮದ ಆಯ್ಕೆ ಎಷ್ಟು ಗಂಭೀರ ವಿಷಯವೆಂಬುದಕ್ಕೆ ರೇಬಿಸ್ ಪರೀಕ್ಷೆಯನ್ನು ನೋಡಬಹುದು. ಸತ್ತ ಪ್ರಾಣಿಯ ಮಿದುಳಿನ ಲೇಪವನ್ನು ಸ್ಲೈಡಿನ ಮೇಲೆ ಹರಡಿ, ಎಫ್‌ಐಟಿಸಿ ಕಟ್ಟಿದ ಪ್ರತಿಕಾಯ ಹಾಕಿ, ಹಸಿರು ಚುಕ್ಕೆಗಳಿವೆಯೇ ಎಂದು ಹುಡುಕುವುದು ಜಗತ್ತಿನಾದ್ಯಂತ ಒಪ್ಪಿತವಾದ ವಿಧಾನ. ಬೆಂಗಳೂರಿನ ನಿಮ್ಹಾನ್ಸ್‌ನ ನ್ಯೂರೋವೈರಾಲಜಿ ವಿಭಾಗ ರೇಬಿಸ್ ಪತ್ತೆ ಮತ್ತು ಸಂಶೋಧನೆಗೆ ಹೆಸರಾದುದು. ಅಮೆರಿಕದ ಪ್ರಮಾಣಿತ ವಿಧಾನದಲ್ಲಿ ಈ ಸ್ಲೈಡಿಗೆ ಹೇಳಿರುವ ಮಾಧ್ಯಮದಲ್ಲಿ ಗ್ಲಿಸರಿನ್ ಶೇಕಡಾ 20 ಮಾತ್ರ, ಪಿಎಚ್ 9. ಸ್ಲೈಡನ್ನು ಆಗಲೇ ಓದಿ ಮುಗಿಸುವುದರಿಂದ ವರ್ಷಗಟ್ಟಲೆ ಬಾಳಿಕೆ ಬೇಕಿಲ್ಲ. ಫ್ಲೂರೆಸೀನ್ ಪೂರ್ತಿ ಹೊಳೆಯಬೇಕು, ಅಷ್ಟೇ.

ಮಾಧ್ಯಮ ಹಳೆಯದಾಗಿ ಪಿಎಚ್ ಇಳಿದಿದ್ದರೆ ಸಣ್ಣ ಚುಕ್ಕೆಗಳು ಕಣ್ತಪ್ಪಬಹುದು. ರೋಗವಿದ್ದೂ ಇಲ್ಲವೆಂಬ ವರದಿ ಹೋಗಬಹುದು. ಆದ್ದರಿಂದಲೇ ಪ್ರತಿ ಬಾರಿಯೂ ರೋಗವಿದೆಯೆಂದು ಗೊತ್ತಿರುವ ಒಂದು ಸ್ಲೈಡ್, ಇಲ್ಲವೆಂದು ಗೊತ್ತಿರುವ ಒಂದು ಸ್ಲೈಡ್ ಜೊತೆಗಿರಲೇಬೇಕು. ಗೊತ್ತಿರುವ ಸ್ಲೈಡ್ ಹೊಳೆಯದಿದ್ದರೆ ಉಳಿದವುಗಳ ಕಪ್ಪಿಗೆ ಅರ್ಥವಿಲ್ಲ. ಇಲ್ಲಿ ಒಂದು ಮಾತು: ನಾಯಿ ಕಚ್ಚಿದವರು ಇಂಥ ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಗಾಯ ತೊಳೆದು, ಕೂಡಲೇ ಲಸಿಕೆ ಆರಂಭಿಸಬೇಕು.

ಪ್ರಯೋಗಾಲಯದಲ್ಲೇ ತಯಾರಿಸುವುದು

ಸಿದ್ಧ ಮಾಧ್ಯಮಗಳು ದುಬಾರಿ. ಅನೇಕ ಕೆಲಸಗಳಿಗೆ ಕೆಳಗಿನವು ಸಾಕು.

ಡ್ಯಾಬ್ಕೊ-ಗ್ಲಿಸರಿನ್: 9 ಮಿಲಿಲೀಟರ್ ಗ್ಲಿಸರಿನ್, ಪಿಎಚ್ 8.6ರ 0.2 ಮೋಲಾರ್ ಟ್ರಿಸ್ ಬಫರ್ 1 ಮಿಲಿಲೀಟರ್, ಡ್ಯಾಬ್ಕೊ 0.25 ಗ್ರಾಂ. ಸ್ವಲ್ಪ ಬಿಸಿ ಮಾಡಿ ಕಲಕಿ ಕರಗಿಸಿ. ಕತ್ತಲೆಯಲ್ಲಿ, ತಣ್ಣಗಿರುವೆಡೆ ಇಡಿ.

ಮೋವಿಯಾಲ್: ಇದು ಪಾಲಿವಿನೈಲ್ ಆಲ್ಕೊಹಾಲ್. ಮೋವಿಯಾಲ್ 4-88ರ 2.4 ಗ್ರಾಂ ಪುಡಿಯನ್ನು 6 ಗ್ರಾಂ ಗ್ಲಿಸರಿನ್‌ನಲ್ಲಿ ಕಲಕಿ, 6 ಮಿಲಿಲೀಟರ್ ನೀರು ಸೇರಿಸಿ ಕೆಲವು ಗಂಟೆ ಬಿಡಿ. ಪಿಎಚ್ 8.5ರ 0.2 ಮೋಲಾರ್ ಟ್ರಿಸ್ 12 ಮಿಲಿಲೀಟರ್ ಸೇರಿಸಿ, 50 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 10 ನಿಮಿಷ ಆಗಾಗ ಕಲಕುತ್ತ ಬಿಸಿ ಮಾಡಿ. ಕರಗದೆ ಉಳಿದುದನ್ನು ಸೆಂಟ್ರಿಫ್ಯೂಜ್‌ನಿಂದ ತೆಗೆದು, ಶೇಕಡಾ 2.5ರಷ್ಟು ಡ್ಯಾಬ್ಕೊ ಬೆರೆಸಿ, ಚಿಕ್ಕ ಕೊಳವೆಗಳಲ್ಲಿ ಹಂಚಿ ಮೈನಸ್ 20 ಡಿಗ್ರಿಯಲ್ಲಿ ಇಡಿ.

ತಯಾರಿಸಿದ ದಿನಾಂಕವನ್ನು ಕೊಳವೆಯ ಮೇಲೆ ಬರೆಯುವುದನ್ನು ಮರೆಯಬಾರದು. ಮಾದರಿಯ ಮೇಲೆ ಉಳಿದ ಬಫರನ್ನು ಚೆನ್ನಾಗಿ ಹೀರಿ ತೆಗೆದ ಮೇಲೆಯೇ ಮಾಧ್ಯಮ ಹಾಕಬೇಕು. ಇಲ್ಲವಾದರೆ ಅದು ತೆಳುವಾಗಿ, ಸೂಚ್ಯಂಕವೂ ರಕ್ಷಣೆಯೂ ಕಡಿಮೆಯಾಗುತ್ತವೆ.

ತರಗತಿಯಲ್ಲಿ ಮಾಡಿ ನೋಡಿ

ಪ್ರತಿದೀಪ್ತಿ ಸೂಕ್ಷ್ಮದರ್ಶಕ ಇಲ್ಲದ ಶಾಲೆಗಳಲ್ಲೂ ಇದರ ಎರಡು ತತ್ತ್ವಗಳನ್ನು ತೋರಿಸಬಹುದು. ಅರಿಶಿನ ಪುಡಿಯನ್ನು ಸ್ಪಿರಿಟ್‌ನಲ್ಲಿ ಕದಡಿ ಸೋಸಿ, ಅದರಲ್ಲಿ ಸೋಸುಕಾಗದ ಅದ್ದಿ ನೆರಳಿನಲ್ಲಿ ಒಣಗಿಸಿ. ಅರ್ಧ ಭಾಗಕ್ಕೆ ಕಪ್ಪು ಕಾಗದ ಮುಚ್ಚಿ ಇಡೀ ದಿನ ಬಿಸಿಲಿನಲ್ಲಿಡಿ. ಆಮೇಲೆ ಕತ್ತಲೆ ಕೋಣೆಯಲ್ಲಿ ನೋಟು ಪರೀಕ್ಷಿಸುವ ಅತಿನೇರಳೆ ದೀಪದ ಕೆಳಗೆ ಹಿಡಿಯಿರಿ. ಮುಚ್ಚಿದ್ದ ಭಾಗ ಹಸಿರು-ಹಳದಿಯಾಗಿ ಹೊಳೆದರೆ, ಬಿಸಿಲು ಬಿದ್ದ ಭಾಗ ಮಂಕಾಗಿರುತ್ತದೆ. ದೀಪವನ್ನು ನೇರವಾಗಿ ನೋಡದಂತೆ ಮಕ್ಕಳಿಗೆ ಹೇಳಿ.

ಎರಡನೆಯದು ಸೂಚ್ಯಂಕದ್ದು. ಬೋರೊಸಿಲಿಕೇಟ್ ಗಾಜಿನ ಕಡ್ಡಿಯನ್ನು ಒಮ್ಮೆ ನೀರಿನ ಬೀಕರಿನಲ್ಲಿ, ಇನ್ನೊಮ್ಮೆ ಗ್ಲಿಸರಿನ್ ಬೀಕರಿನಲ್ಲಿ ಮುಳುಗಿಸಿ. ನೀರಿನಲ್ಲಿ ಅಂಚು ಸ್ಪಷ್ಟವಾಗಿ ಕಾಣುತ್ತದೆ. ಗ್ಲಿಸರಿನ್‌ನಲ್ಲಿ ಕಡ್ಡಿ ಬಹುಮಟ್ಟಿಗೆ ಮಾಯವಾಗುತ್ತದೆ, ಏಕೆಂದರೆ ಎರಡರ ಸೂಚ್ಯಂಕವೂ ಸುಮಾರು 1.47. ಬೆಳಕು ಬಾಗದೆ ಸಾಗಿತು ಎಂದರ್ಥ.

ನೆನಪಿಡಬೇಕಾದುದು

ಫೋಟೋಬ್ಲೀಚಿಂಗ್ ಯಾವಾಗಲೂ ಶತ್ರುವೇ ಎನ್ನುವಂತಿಲ್ಲ. ಪೊರೆಯ ಒಂದು ಚಿಕ್ಕ ಭಾಗವನ್ನು ಬೇಕೆಂದೇ ಕಪ್ಪಾಗಿಸಿ, ಸುತ್ತಲಿನ ಹೊಳೆಯುವ ಅಣುಗಳು ಎಷ್ಟು ಬೇಗ ಒಳಬರುತ್ತವೆಂದು ಅಳೆಯುವ ವಿಧಾನವನ್ನು 1976ರಲ್ಲಿ ಆಕ್ಸೆಲ್‌ರಾಡ್ ಮತ್ತು ಸಂಗಡಿಗರು ವಿವರಿಸಿದರು. ಆದರೆ ಅಲ್ಲಿ ಕಪ್ಪಾಗುವುದು ನಮ್ಮ ಹತೋಟಿಯಲ್ಲಿರುತ್ತದೆ. ಉಳಿದ ಕಡೆಗಳಲ್ಲಿ ಅದನ್ನು ಹತೋಟಿಗೆ ತರುವುದೇ ನಮ್ಮ ಕೆಲಸ.

ಹೊಸ ಮಾಧ್ಯಮವನ್ನು ಬಳಕೆಗೆ ತರುವ ಮುನ್ನ ಒಂದೇ ಬಾರಿಗೆ ಬಣ್ಣ ಹಾಕಿದ ಮೂರು ಸ್ಲೈಡುಗಳನ್ನು ತೆಗೆದುಕೊಳ್ಳಿ. ಒಂದಕ್ಕೆ ಬಫರ್, ಒಂದಕ್ಕೆ ಹಳೆಯ ಮಾಧ್ಯಮ, ಒಂದಕ್ಕೆ ಹೊಸತು. ಜೊತೆಗೆ, ಮಾಧ್ಯಮದ್ದೇ ಹೊಳಪು ಇದೆಯೇ ಎಂದು ತಿಳಿಯಲು ಬಣ್ಣ ಹಾಕದ ಒಂದು ಸ್ಲೈಡ್. ಒಂದೇ ದೀಪ, ಒಂದೇ ಅವಧಿಯಲ್ಲಿ ಎರಡು ನಿಮಿಷದವರೆಗೆ ಹತ್ತು ಸೆಕೆಂಡಿಗೊಂದರಂತೆ ಚಿತ್ರ ತೆಗೆದು ಗ್ರಾಫ್ ಬರೆಯಿರಿ. ಒಂದು ಮಧ್ಯಾಹ್ನದ ಈ ಕೆಲಸ ಮುಂದಿನ ಒಂದು ವರ್ಷದ ಅನುಮಾನಗಳನ್ನು ತಪ್ಪಿಸುತ್ತದೆ. ಪ್ರಯೋಗದ ಪುಸ್ತಕದಲ್ಲಿ ಬಣ್ಣ, ಪ್ರತಿಕಾಯಗಳ ಹೆಸರು ಬರೆಯುವಂತೆಯೇ ಮಾಧ್ಯಮದ ಹೆಸರು, ಪಿಎಚ್, ತಯಾರಿಸಿದ ದಿನಾಂಕಗಳನ್ನೂ ಬರೆದಿಡಬೇಕು. ಏಕೆಂದರೆ ಮೌಂಟಿಂಗ್ ಮಾಧ್ಯಮ ಕವರ್‌ಸ್ಲಿಪ್ ಅಂಟಿಸುವ ಬರೀ ಗೋಂದಲ್ಲ. ಅದು ಅಳತೆಯದೇ ಒಂದು ಭಾಗ.